ಒಂದು ಒತ್ತಿದರೆ ಹೌದು

ಆ ಮನೆಯಲ್ಲಿ ಮೋಟರು ಇರುವ ಯಾವ ವಸ್ತುವೂ ಮಾವನ ಕಿವಿಗೆ ಬೀಳದೆ ಹೊಸ್ತಿಲು ದಾಟುವ ಹಾಗಿರಲಿಲ್ಲ. ಮಿಕ್ಸಿಯಾಗಲಿ, ಫ್ಯಾನಾಗಲಿ, ನೀರಿನ ಪಂಪಾಗಲಿ, ಮೊದಲು ಅವರ ಮುಂದಿಟ್ಟು ಗುಂಡಿ ಒತ್ತಬೇಕು. ಅವರು ಕಣ್ಣು ಮುಚ್ಚಿ, ತಲೆ ಒಂದಿಷ್ಟು ಓರೆ ಮಾಡಿ ಕೇಳಬೇಕು. "ಇರಲಿ" ಅಂದರೆ ಇತ್ತು, "ವಾಪಸ್ ಕೊಡು" ಅಂದರೆ ಅಂಗಡಿಯವನ ಕಾಲು ಹಿಡಿದಾದರೂ ವಾಪಸ್ ಕೊಡಬೇಕು. ಬದುಕಿಡೀ ಬಸ್ಸು ಓಡಿಸಿದ ಮನುಷ್ಯ. ಡಿಪೋದಲ್ಲಿ ಮೆಕ್ಯಾನಿಕ್ಕುಗಳು ಇಂಜಿನ್ನಿಗೆ ಕೈ ಹಾಕುವ ಮೊದಲು ಇವರನ್ನು ಕರೆಸಿ ಕೇಳಿಸುತ್ತಿದ್ದರಂತೆ. 'ಅಂತೆ' ಯಾಕೆಂದರೆ ಈ ಮಾತು ಹೇಳಿದವರು ಮಾವನೇ. ಆದರೆ ಆ ಬೀದಿಯಲ್ಲಿ ಯಾರೂ ಅದನ್ನು ಅನುಮಾನಿಸಿದವರಿಲ್ಲ. ಅಕ್ಕಪಕ್ಕದವರು ಸ್ಕೂಟರು ಕೊಳ್ಳುವ ಮೊದಲು ಇವರ ಬಾಗಿಲಿಗೆ ತಂದು ಗುರುಗುಟ್ಟಿಸಿ ಹೋಗುತ್ತಿದ್ದರು.

ಅಂಥ ಮನೆಗೆ ಈಗ ಕಾರು ಬರುವ ಮಾತು ಎದ್ದಿತ್ತು. ಕಾರು ಅಂದರೆ ಏನು ಮಹಾ! ಬೇಕರಿಯವನೊಬ್ಬ ಬ್ರೆಡ್ಡು ಸಾಗಿಸಿ ಸಾಗಿಸಿ ಸವೆಸಿದ ಹಳೇ ಬಿಳಿ ಕಾರು. ಬಿಳಿ ಅನ್ನುವುದೂ ಮರ್ಯಾದೆಗೆ. ಅವನು ಹೊಸ ವ್ಯಾನು ತಂದಿದ್ದ, ಹಿತ್ತಲಲ್ಲಿ ಜಾಗ ಬೇಕಿತ್ತು. ಫೋನಿನಲ್ಲಿ ಬೆಲೆ ಕೇಳಿದಾಗ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂದು ಸೊಸೆಯ ಗಂಡ ಮತ್ತೆ ಕೇಳಿದ್ದ. ಅಷ್ಟು ಕಡಿಮೆ.

"ಅಗ್ಗ ಅಂತ ಮುಗ್ಗಿದ ಜೋಳ ಕೊಂಡರಂತೆ" ಎಂದು ಮಾವ ಆ ದಿನವೇ ಗೊಣಗಿದ್ದರು.

ಗಾದೆ ಹೇಳುವುದು ಸುಲಭ. ಗಾದೆ ಹೇಳುವವರು ಬೆಳಗ್ಗೆ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಬೇಕಿಲ್ಲವಲ್ಲ. ಹೋಗಬೇಕಾದವಳು ಸೊಸೆ. ಅವಳು ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಒಗೆಯುವುದಕ್ಕೆ ಯಂತ್ರವಿದೆ. ಆದರೆ ಒದ್ದೆ ಹಾಸುಬಟ್ಟೆಯ ಮೂಲೆಗಳನ್ನು ಹಿಡಿದು, ಕೊಡವಿ, ಕಾದ ರೋಲರಿನ ಬಾಯಿಗೆ ನೇರವಾಗಿ ಕೊಡುವುದಕ್ಕೆ ಮನುಷ್ಯರೇ ಬೇಕು. ಆ ಕಡೆ ಒಬ್ಬಳು, ಈ ಕಡೆ ಇವಳು. ದಿನವಿಡೀ ನಿಂತೇ. ಕೂರುವುದಕ್ಕೆ ಅಲ್ಲಿ ಸ್ಟೂಲು ಇಲ್ಲವೆಂದಲ್ಲ, ಇತ್ತು. ಅದರ ಮೇಲೆ ಮಡಿಸಿದ ಬಟ್ಟೆ ಕೂರುತ್ತಿತ್ತು. ಸಂಜೆ ಹೊರಗೆ ಬಂದರೆ ಬಸ್ಸು ತುಂಬಿರುತ್ತದೆ, ನಿಲ್ಲಬೇಕು. ಸರ್ಕಲ್ಲಿನಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕು, ಅದರಲ್ಲೂ ನಿಲ್ಲಬೇಕು. ಒಂದು ಸಂಜೆ ಕಂಬಿ ಹಿಡಿದು ನಿಂತ ಹಾಗೆಯೇ ನಿದ್ದೆ ಹೋಗಿ, ತನ್ನ ನಿಲ್ದಾಣ ದಾಟಿ, ಬಸ್ಸು ತಿರುಗುವ ಕೊನೆಯ ನಿಲ್ದಾಣದಲ್ಲಿ ಕಣ್ಣುಬಿಟ್ಟಿದ್ದಳು. ಮನೆಯಲ್ಲಿ ಅದನ್ನು ತಮಾಷೆಯಾಗಿ ಹೇಳಿದಳು. ಎಲ್ಲರೂ ನಕ್ಕರು, ಅವಳೂ ನಕ್ಕಳು.

ಗಂಡ ಶಾಲೆಯೊಂದರಲ್ಲಿ ಗುಮಾಸ್ತ. ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಒಂದು ಸ್ಕ್ರೂ ತಿರುಗಿಸಬೇಕಾದರೂ ಎಡಕ್ಕೋ ಬಲಕ್ಕೋ ಎಂದು ಅಪ್ಪನನ್ನು ಕೇಳುವವನು, ಅಷ್ಟೇ. "ಕಾರು ಬಂದ್ರೆ ಬೆಳಿಗ್ಗೆ ನಿನ್ನ ಬಿಟ್ಟು ನಾನು ಶಾಲೆಗೆ ಹೋಗ್ತೀನಿ. ಸಾಯಂಕಾಲ ಗೇಟಿನ ಹತ್ರ ಬಂದು ಕಾಯ್ತೀನಿ. ರಾಣಿ ಥರ ಕೂತ್ಕೊಂಡು ಬರ್ತೀಯ" ಎಂದು ಅವನು ಅಂದಿದ್ದ. ಅವಳಿಗೆ ರಾಣಿಯ ಗೊಡವೆ ಬೇಕಿರಲಿಲ್ಲ. 'ಕೂತ್ಕೊಂಡು' ಅನ್ನುವುದೊಂದು ಸಾಕಾಗಿತ್ತು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ, ಅಂದಿನಿಂದ ಅವಳು ರೋಲರಿನ ಮುಂದೆ ನಿಂತೇ ಆ ನೋಡದ ಕಾರಿನಲ್ಲಿ ಕೂತು ಬರುತ್ತಿದ್ದಳು. ಕೈಯಲ್ಲಿದ್ದ ಗಂಟು ಒಂದೇ. ಈ ಕಾರು ಕೈಕೊಟ್ಟರೆ ಇನ್ನೊಂದರ ಮಾತಿಲ್ಲ. ಆದ್ದರಿಂದ ಎಲ್ಲವೂ ಮಾವನ ಕಿವಿಯ ಮೇಲೆ ನಿಂತಿತ್ತು.

ಇಲ್ಲೇ ಇರುವುದು ಫಜೀತಿ. ಮಾವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಕೆಲವು ವರ್ಷಗಳೇ ಆಗಿದ್ದವು. ಮನೆಯಲ್ಲಿ ಇದು ಗೊತ್ತಿದ್ದವಳು ಸೊಸೆ ಒಬ್ಬಳೇ. ಒಂದು ದಿನ ಅವಳು ಕೆಲಸದಿಂದ ಬಂದಾಗ ಒಲೆಯ ಮೇಲೆ ಕುಕ್ಕರು ಕೂಗಿ ಕೂಗಿ ಸುಸ್ತಾಗಿತ್ತು, ಮಾವ ಅದಕ್ಕೆ ಬೆನ್ನು ಹಾಕಿ ನಿಂತು ನೆಮ್ಮದಿಯಾಗಿ ಚಾಕುವಿನಲ್ಲಿ ಪೆನ್ಸಿಲ್ ಚೂಪು ಮಾಡುತ್ತಿದ್ದರು. ಅವಳು ಒಲೆ ಆರಿಸಿದಾಗ ಬೆಚ್ಚಿಬಿದ್ದು ತಿರುಗಿದರು. ಅವಳ ಮುಖ, ಕುಕ್ಕರು, ಮತ್ತೆ ಅವಳ ಮುಖ ನೋಡಿದರು. ಇಂಜಿನ್ನಿನ ಪಕ್ಕ ಬದುಕು ಕಳೆದವನ ಕಿವಿಯನ್ನು ಕೊನೆಗೆ ಇಂಜಿನ್ನೇ ತಿಂದುಹಾಕಿತ್ತು.

"ಯಾರಿಗೂ ಹೇಳ್ಬೇಡಮ್ಮ" ಅಂದರು. "ಕಿವಿ ಹೋಯ್ತು ಅಂದ್ರೆ ಇನ್ನು ಯಾರು ನನ್ನನ್ನ ಏನು ಕೇಳ್ತಾರೆ? ಮೂಲೇಲಿ ಇಟ್ಟ ಹರಕು ಕೊಡೆ ಆಗಿಬಿಡ್ತೀನಿ."

ಅವಳು ಹೇಳಲಿಲ್ಲ. ಮಗನಿಗೆ ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅಂತಾರಲ್ಲ, ಮಾವನಿಗೆ ಬಾಯಿತ್ತು. ಸದಾ ತಾವೇ ಮಾತಾಡುತ್ತಿದ್ದರು, ಅದೂ ಗಟ್ಟಿಯಾಗಿ. ಮಾತಾಡುವವನಿಗೆ ಕಿವಿ ಇದೆಯೋ ಇಲ್ಲವೋ ಎಂದು ಯಾರು ನೋಡುತ್ತಾರೆ? ಏನಾದರೂ ಕೇಳಿದರೆ "ಹೂಂ, ನೋಡೋಣ" ಅನ್ನುತ್ತಿದ್ದರು. ಅದು ಎಲ್ಲ ಪ್ರಶ್ನೆಗೂ ಹೊಂದುವ ಉತ್ತರ. ಮಿಕ್ಕದ್ದಕ್ಕೆ ಸೊಸೆ ಇದ್ದಳು. ಬಾಗಿಲು ಬಡಿದರೆ ಅವರ ಭುಜ ಮುಟ್ಟುವಳು. ಯಾರಾದರೂ ಸ್ಕೂಟರು ತಂದರೆ ಅವರ ಎಡಕ್ಕೆ ನಿಂತು ಮೊಣಕೈ ಹಿಡಿಯುವಳು. ಒಂದು ಸಲ ಒತ್ತಿದರೆ ಹೌದು, ಸರಿ ಇದೆ. ಎರಡು ಸಲ ಒತ್ತಿದರೆ ಇಲ್ಲ. ಸಂಜೆ ನಾದಿನಿಯ ಫೋನು ಬಂದರೆ ಅದನ್ನು ಒಳಕೋಣೆಗೆ ಒಯ್ದು ಸ್ಪೀಕರಿಗೆ ಹಾಕಿ, ಮಾವನ ಎದುರು ನಿಂತು, ಅವಳು ಅಂದದ್ದನ್ನೆಲ್ಲ ತುಟಿಯಲ್ಲಿ ತಿರುಗಿ ಆಡಿ ತೋರಿಸುವಳು. ನಾದಿನಿಗೂ ಅಪ್ಪನ ಬಾಯಿಯೇ ಬಂದಿತ್ತು, ಬೇಗ ಮುಗಿಯುವ ಫೋನಲ್ಲ. ಆ ಹೊತ್ತಿಗೆ ಇವಳ ಹಿಮ್ಮಡಿಗಳು ಕೆಂಡವಾಗಿರುತ್ತಿದ್ದವು. ಆದರೂ ಮಾವನ ಮುಖದಲ್ಲಿ ಮಗಳ ಮಾತು ಹೊಕ್ಕು ಬೆಳಕಾಗುವುದನ್ನು ನೋಡಿದರೆ "ಇವತ್ತು ಬೇಡ ಮಾವ" ಅನ್ನಲು ನಾಲಿಗೆ ಏಳುತ್ತಿರಲಿಲ್ಲ.

ಕಾರು ನೋಡಲು ಹೋಗುವ ಬೆಳಗ್ಗೆ ಮಾವ ಅಡುಗೆಮನೆಗೆ ಬಂದರು. ಮಗ ಸ್ನಾನಕ್ಕೆ ಹೋಗಿದ್ದ.

"ನೋಡಮ್ಮ, ಇದು ಸ್ಕೂಟರಲ್ಲ. ತಣ್ಣಗಿದ್ದಾಗ ಎಲ್ಲ ಇಂಜಿನ್ನೂ ಸಾಚಾನೇ. ಒಂದು ಸುತ್ತು ಓಡಿಸಿ ಬಿಸಿ ಮಾಡ್ಕೊಂಡು ಬರೋಣ. ಆಮೇಲೆ ಅವನು ಆಕ್ಸಿಲರೇಟರ್ ಒತ್ತಿದಾಗ ಕೇಳು. ಶಬ್ದ ಒಂದೇ ಸಮ ಏರಬೇಕು. ಒಳಗಿಂದ ಹೀಗೆ ಬಂತು ಅಂದ್ರೆ..." ಅವರು ಬೆರಳ ಗೆಣ್ಣಿನಿಂದ ಕಟ್ಟೆ ಬಡಿದರು. ಟಕ್, ಟಕ್, ಟಕ್. "ಮುಗೀತು. ಇವತ್ತೋ ನಾಳೆಯೋ ಇಂಜಿನ್ ಹಿಡ್ಕೊಂಡು ನಿಂತೇಹೋಗುತ್ತೆ. ರಿಪೇರಿ ಮಾಡಿಸ್ತೀನಿ ಅಂದ್ರೆ ಮೂಗಿಗಿಂತ ಮೂಗುತಿ ಭಾರ. ಎರಡು ಸಲ ಒತ್ತಿಬಿಡು."

ಅವಳು ತಲೆಯಾಡಿಸಿದಳು. ಆ ಶಬ್ದ ಅವಳಿಗೆ ಹೊಸದಲ್ಲ. ಹಿಂದಿನ ರೋಲರು ಕೆಟ್ಟು ನಿಲ್ಲುವ ಮೊದಲು ಹಾಗೆಯೇ ಬಡಿದುಕೊಂಡಿತ್ತು.

"ಸರಿ ಇದ್ರೆ ಒಂದು" ಎಂದರು ಮಾವ, ಅವಳ ಮುಖ ನೋಡಿ ನಗುತ್ತಾ. "ಸರಿ ಇರುತ್ತೆ ಬಿಡು."

ಮೂವರೂ ಬಸ್ಸು ಹತ್ತಿ ಹೋದರು. ರಜೆಯ ದಿನವಾದರೂ ಬಸ್ಸು ತುಂಬಿತ್ತು, ಬೇಕೆಂದೇ ತುಂಬಿತ್ತೋ ಏನೋ.

ಬೇಕರಿಯ ಹಿತ್ತಲಲ್ಲಿ ಕಾರು ಗೋಡೆಗೆ ಒರಗಿದ ಹಾಗೆ ನಿಂತಿತ್ತು. ಬೇಕರಿಯವನು ಮೊಣಕೈವರೆಗೆ ಮೈದಾ ಮೆತ್ತಿಕೊಂಡೇ ಬಂದ. ಅವನದೂ ಮಾವನ ಜಾತಿಯ ಬಾಯಿ. "ನೋಡಿ ಸ್ವಾಮಿ, ಈ ಕಾರು ಒಂದು ದಿನ ನನಗೆ ಕೈಕೊಟ್ಟಿಲ್ಲ. ಜನ ಏಳೋದ್ರೊಳಗೆ ಬ್ರೆಡ್ಡು ಅಂಗಡೀಲಿ ಇರಬೇಕು ಅಂದ್ರೆ ಸುಮ್ನೆನಾ? ಹೆಂಡತಿ ಮುನಿಸ್ಕೊಂಡಿದ್ದಾಳೆ, ಮಗ ಮುನಿಸ್ಕೊಂಡಿದ್ದಾನೆ, ಇದು ಮಾತ್ರ ಮುನಿಸ್ಕೊಂಡಿಲ್ಲ."

ಮಾವ ಅವನ ತುಟಿ ನೋಡುತ್ತಾ "ಹೂಂ, ನೋಡೋಣ" ಅಂದರು. ಬಗ್ಗಿ ಚಕ್ರ ನೋಡಿದರು. ಬಾಗಿಲು ತೆಗೆದು ಹಾಕಿದರು. ಕೆಳಗೆ ಎಣ್ಣೆ ತೊಟ್ಟಿಕ್ಕಿದೆಯೇ ಎಂದು ನೆಲ ನೋಡಿದರು. ಕಣ್ಣಿನ ಕೆಲಸವೆಲ್ಲ ಅವರಿಗೆ ಇನ್ನೂ ಬರುತ್ತಿತ್ತು. ಮಗ ಅವರ ಹಿಂದೆ ಹಿಂದೆ ತಾನೂ ಬಗ್ಗಿ, ತಾನೂ ನೋಡಿ, ತಾನೂ ಎದ್ದ. ಅವನಿಗೆ ಏನು ಕಂಡಿತೋ ಅವನೇ ಬಲ್ಲ.

"ಒಂದು ಸುತ್ತು ಹೋಗೋಣ" ಎಂದರು ಮಾವ.

ಗಂಡ ಓಡಿಸಿದ, ಬೇಕರಿಯವನು ಅವನ ಪಕ್ಕ. ಹಿಂದೆ ಮಾವ ಮತ್ತು ಸೊಸೆ. ಅವಳು ಒಳಗೆ ಕೂತು ಬಾಗಿಲು ಎಳೆದುಕೊಂಡಳು. ಸೀಟು ಹಳೆಯದು, ಒಂದು ಕಡೆ ತಗ್ಗಾಗಿತ್ತು, ಆ ತಗ್ಗು ಅವಳ ಸೊಂಟಕ್ಕೆ ಸರಿಯಾಗಿ ಹೊಂದಿತು. ಒಳಗೆಲ್ಲ ಬೆಚ್ಚನೆಯ ಬ್ರೆಡ್ಡಿನ ವಾಸನೆ. ಸೀಟಿನ ಹೊಲಿಗೆಯ ಸಂದಿಯಲ್ಲಿ ಮೈದಾ ಕೂತಿತ್ತು. ಅವಳು ಚಪ್ಪಲಿಯಿಂದ ಕಾಲು ಹೊರಗೆ ತೆಗೆದಳು. ಯಾರೂ ಮೈಮೇಲೆ ಬೀಳಲಿಲ್ಲ, ಯಾರೂ "ಸ್ವಲ್ಪ ಮುಂದೆ ಹೋಗಮ್ಮ" ಅನ್ನಲಿಲ್ಲ. ಮೊದಲ ತಿರುವು ಅವಳಿಗೆ ನೆನಪಿದೆ. ಎರಡನೆಯದು ನೆನಪಿಲ್ಲ.

ಎಚ್ಚರವಾದಾಗ ಕಾರು ವಾಪಸ್ ಹಿತ್ತಲಿಗೆ ಬಂದಿತ್ತು. ಗಂಡ ಹೊರಗಿನಿಂದ ಗಾಜು ತಟ್ಟುತ್ತಿದ್ದ. "ಏನೇ, ಇನ್ನೂ ಕೊಂಡೇ ಇಲ್ಲ, ಆಗಲೇ ನಿದ್ದೆನಾ?" ಎಂದು ನಕ್ಕ. ಬೇಕರಿಯವನೂ ನಕ್ಕ. ಮಾವ ನಗಲಿಲ್ಲ, ಅವಳನ್ನೇ ನೋಡುತ್ತಿದ್ದರು. ಅವಳು ಬಾಯಿ ಒರೆಸಿಕೊಂಡು, ಕಾಲಲ್ಲೇ ಚಪ್ಪಲಿ ಹುಡುಕಿ ಇಳಿದಳು. ಎಷ್ಟೋ ಕಾಲದಿಂದ ಹಾಗೆ ನಿದ್ದೆ ಮಾಡಿರಲಿಲ್ಲ ಎಂದು ಅವಳಿಗೆ ಅಳು ಬಂದ ಹಾಗಾಯಿತು. ದೇವರೇ, ಈ ಕಾರು ಸರಿ ಇರಲಿ, ಬೇರೇನೂ ಕೇಳುವುದಿಲ್ಲ ಅಂದುಕೊಂಡಳು.

ಬೇಕರಿಯವನು ಬಾನೆಟ್ ಎತ್ತಿದ. ಇಂಜಿನ್ ಓಡುತ್ತಲೇ ಇತ್ತು, ಗಂಡ ಮತ್ತೆ ಒಳಗೆ ಹೋಗಿ ಕೂತ. ಮಾವ ಅದರ ಮುಂದೆ ಹೋಗಿ ನಿಂತು, ಕಣ್ಣು ಮುಚ್ಚಿ, ತಲೆ ಓರೆ ಮಾಡಿದರು. ಸೊಸೆ ಎಡಕ್ಕೆ ಹೋಗಿ ಅವರ ಮೊಣಕೈ ಹಿಡಿದಳು. ಮುದುಕರನ್ನು ಸೊಸೆ ಆತುಕೊಂಡು ನಿಂತಿದ್ದಾಳೆ ಎಂದು ನೋಡಿದವರು ಮೆಚ್ಚಬೇಕು, ಹಾಗೆ.

"ಒತ್ತಪ್ಪ" ಎಂದು ಮಾವ ಮಗನಿಗೆ ಕೂಗಿದರು.

ಗಂಡ ಆಕ್ಸಿಲರೇಟರ್ ಒತ್ತಿದ. ಶಬ್ದ ಏರಿತು. ಏರುತ್ತಾ ಏರುತ್ತಾ ಅದರ ಹೊಟ್ಟೆಯೊಳಗಿನಿಂದ ಬಂತು ನೋಡಿ: ಟಕ್, ಟಕ್, ಟಕ್, ಟಕ್.

ಅವಳಿಗೆ ಕೇಳಿಸಿತು. ಬೇಕರಿಯವನಿಗೂ ಕೇಳಿಸಿತು, ಅವನು ಆಕಾಶ ನೋಡಿದ. ಗಂಡನಿಗೂ ಕೇಳಿಸಿರಬೇಕು, ಅವನು ಕಿಟಕಿಯಿಂದ ತಲೆ ಹೊರಹಾಕಿ "ಏನೋ ಬಡಿದ ಹಾಗೆ ಆಗ್ತಿದೆ ಅಲ್ವಾ? ಇರಲಿ, ಅಪ್ಪ ಕೇಳ್ತಿದ್ದಾರೆ" ಅಂದ. ಎಂಥ ಮನೆ ಇದು! ಕಿವಿ ಇದ್ದವರೆಲ್ಲ ಕೇಳಿಸಿಕೊಂಡು, ಕಿವುಡರು ಏನು ಹೇಳುತ್ತಾರೋ ಎಂದು ಕಾಯುತ್ತಿದ್ದರು. ಅವನು ಮತ್ತೆ ಒತ್ತಿದ. ಟಕ್, ಟಕ್, ಟಕ್.

ಅವಳ ಬೆರಳು ಮಾವನ ಮೊಣಕೈ ಮೇಲಿತ್ತು. ಎರಡು ಸಲ ಒತ್ತಬೇಕು. ಒತ್ತಿದರೆ ನಾಳೆ ಬೆಳಗ್ಗೆ ಬಸ್ಸು, ನಾಡಿದ್ದು ಬಸ್ಸು, ಮಳೆಗಾಲದಲ್ಲಿ ಬಸ್ಸು, ಕಾಲು ನೋಯುವ ದಿನವೂ ಬಸ್ಸು. ಒಂದೇ ಸಲ ಒತ್ತಿದರೆ, ಎಷ್ಟು ದಿನವೋ ಏನೋ, ಕೂತು ಹೋಗಬಹುದು. ಹಿಡಿದುಕೊಳ್ಳಲಿ ಇಂಜಿನ್ನು, ಹಿಡಿದುಕೊಂಡಾಗ ನೋಡಿದರಾಯಿತು. ಒಂದು ತಿಂಗಳಾದರೂ ಕೂತಿರುತ್ತೇನಲ್ಲ? ಗಂಟು ಹೋದರೆ ಹೋಗಲಿ. ಹಾಗಂತ ಅವಳು ಯೋಚಿಸಿದಳು ಅನ್ನುವುದೂ ಸುಳ್ಳು. ಯೋಚಿಸಲು ಅವಳಲ್ಲಿ ಏನೂ ಮಿಕ್ಕಿರಲಿಲ್ಲ. ಬೆರಳು ತಾನಾಗಿ ಒಂದು ಸಲ ಒತ್ತಿತು. ಅಲ್ಲಿಗೇ ನಿಂತಿತು.

ಮಾವ ಕಣ್ಣು ತೆರೆದರು. ಇನ್ನೊಂದು ಒತ್ತು ಬರುತ್ತದೆಯೇ ಎಂದು ಸ್ವಲ್ಪ ಹೊತ್ತು ಕಾದರು. ತಿರುಗಿ ಅವಳ ಮುಖ ನೋಡಿದರು. ಅವಳು ಇಂಜಿನ್ನನ್ನೇ ನೋಡುತ್ತಿದ್ದಳು. ಆಗ ಅವರು ಮುಂದಕ್ಕೆ ಬಗ್ಗಿ, ಬಲ ಅಂಗೈಯನ್ನು ಅಗಲಿಸಿ, ಓಡುತ್ತಿದ್ದ ಇಂಜಿನ್ನಿನ ನೆತ್ತಿಯ ಮೇಲೆ ಊರಿದರು. ಬಿಸಿ ಇತ್ತು. ಆದರೂ ತೆಗೆಯಲಿಲ್ಲ. "ಇನ್ನೊಂದು ಸಲ ಒತ್ತು" ಅಂದರು. ಮಗ ಒತ್ತಿದ. ಅವರ ಅಂಗೈ ಅಲ್ಲೇ ಇತ್ತು. ಆಮೇಲೆ ಕೈ ತೆಗೆದು, ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ಬೇಡ" ಅಂದರು. "ಒಳಗೆ ಬಡಿತ ಇದೆ."

ಬೇಕರಿಯವನು ಒಂದಿಷ್ಟು ಹಾರಾಡಿದ. ಹಳೇ ಕಾರಲ್ಲವೇ, ಸ್ವಲ್ಪ ಮಾತಾಡುತ್ತದೆ, ನಿಮ್ಮ ವಯಸ್ಸಿಗೆ ನಿಮ್ಮ ಮಂಡಿ ಮಾತಾಡಲ್ಲವಾ ಅಂದ. ಯಾರೂ ನಗಲಿಲ್ಲ. "ಮೆಕ್ಯಾನಿಕ್ಕೂ ಅದನ್ನೇ ಅಂದ ಬಿಡಿ" ಎಂದು ಕೊನೆಗೆ ಒಪ್ಪಿಕೊಂಡು ಬಾನೆಟ್ ಇಳಿಸಿದ. "ಸ್ವಾಮಿ, ನಿಮ್ಮದು ಕಿವಿಯಲ್ಲ, ಯಂತ್ರ!"

ಗಂಡನ ಎದೆ ಉಬ್ಬಿತು. ಕಾರು ಹೋದದ್ದಕ್ಕೆ ಅವನಿಗೆ ಬೇಜಾರಿತ್ತು, ಆದರೆ ಅಪ್ಪ ಗೆದ್ದ ಖುಷಿ ಅದಕ್ಕಿಂತ ದೊಡ್ಡದಾಗಿತ್ತು. "ನಂಗೂ ಅನುಮಾನ ಬಂದಿತ್ತು ಕಣೇ. ಆದ್ರೆ ಅಪ್ಪನ ಕಿವಿ ಅಂದ್ರೆ ಕಿವಿ!" ಎಂದು ದಾರಿಯುದ್ದಕ್ಕೂ ಅಂದ. ಅವಳಿಗೆ ಅದು ಗಾಯದ ಮೇಲೆ ಬರೆ ಎಳೆದ ಹಾಗಿತ್ತು.

ಬಸ್ಸಿನ ನಿಲ್ದಾಣದಲ್ಲಿ ಬೆಂಚು ಇತ್ತು, ಅದರ ಮೇಲೆ ಯಾರೋ ಚೀಲಗಳನ್ನು ಪೇರಿಸಿ ಕಾವಲು ನಿಂತಿದ್ದರು. ಗಂಡ ಟೀ ತರುತ್ತೇನೆಂದು ಎದುರಿನ ಅಂಗಡಿಗೆ ಹೋದ. ಮಾವ ಅವಳ ಕಡೆ ತಿರುಗಿದರು. ಗಟ್ಟಿ ಗಂಟಲಿನ ಮನುಷ್ಯ ಕಷ್ಟಪಟ್ಟು ದನಿ ತಗ್ಗಿಸಿ ಕೇಳಿದರು:

"ನಿಂಗೆ ಕೇಳಿಸ್ತು ತಾನೆ?"

ಅವಳು ತಲೆಯಾಡಿಸಿದಳು. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಬೈಯಲಿ, ಬೈದುಬಿಡಲಿ ಎಂದು ಕಾದಳು.

ಮಾವ ಬೈಯಲಿಲ್ಲ. "ನನಗೆ ಕಿವಿ ಹೋದಾಗಿಂದ ಎಲ್ಲರೂ ನನ್ನ ಹತ್ರ ಏನೇನೋ ಅಂತಾರೆ, ನಾನೂ ಏನೇನೋ ಅಂತೀನಿ. ನಿನ್ನ ಕೈ ಒಂದೇ ನಾನು ನಂಬಿದ್ದು. ಅದು ಒಂದು ದಿನ ಸುಳ್ಳು ಹೇಳಿರಲಿಲ್ಲ. ಕಾರಲ್ಲಿ ಬಾಯಿ ಬಿಟ್ಕೊಂಡು ನಿದ್ದೆ ಮಾಡ್ತಿದ್ದೆಯಲ್ಲ, ಆಗಲೇ ಹೊಟ್ಟೆಗೆ ಬೆಂಕಿ ಬಿತ್ತು. ಆಮೇಲೆ ನೀನು ಒಂದೇ ಸಲ ಒತ್ತಿದೆ. ನಿನ್ನಂಥೋಳು ಸುಳ್ಳು ಹೇಳ್ಬೇಕಾದ್ರೆ ಎಷ್ಟು ಸೋತಿರಬೇಕು? ಸಾಯಂಕಾಲ ಬಂದ ತಕ್ಷಣ ನಿನ್ನ ಎದುರು ನಿಲ್ಲಿಸ್ಕೊಂಡು ಫೋನ್ ಹೇಳು, ಅದು ಹೇಳು, ಇದು ಹೇಳು ಅಂತೀನಲ್ಲ, ನಾನೆಂಥ ಮನುಷ್ಯ!"

"ಹಾಗಲ್ಲ ಮಾವ" ಎಂದು ಅವಳು ತುಟಿಯಲ್ಲಿ ಅಂದಳು. ಕಣ್ಣೀರು ಮೂಗಿನ ತುದಿಗೆ ಬಂದಿತ್ತು. ಗಂಡ ಟೀ ಹಿಡಿದುಕೊಂಡು ರಸ್ತೆ ದಾಟುತ್ತಿದ್ದ.

ಬಸ್ಸು ಬಂತು. ಪುಣ್ಯಕ್ಕೆ ಕಿಟಕಿಯ ಪಕ್ಕ ಒಂದೇ ಒಂದು ಸೀಟು ಖಾಲಿ ಇತ್ತು. "ಅಪ್ಪ, ಕೂತ್ಕೋ" ಎಂದ ಮಗ. ಮಾವ ಅವಳ ಭುಜ ಹಿಡಿದು ಅದರಲ್ಲಿ ಕೂರಿಸಿದರು. ಅವಳು ಏಳಲು ಹೋದಾಗ ಮತ್ತೆ ಒತ್ತಿ ಕೂರಿಸಿದರು. ತಾವು ಮೇಲಿನ ಕಂಬಿ ಹಿಡಿದು ನಿಂತರು. ಮಗ ಅವರ ಪಕ್ಕ ನಿಂತ. ಬಸ್ಸು ಹೊರಟಿತು.

"ಲೋ" ಎಂದರು ಮಾವ. "ನಿನಗೊಂದು ವಿಷಯ ಹೇಳ್ಬೇಕು. ನನಗೆ ಕಿವಿ ಕೇಳಲ್ಲ ಕಣೋ."

ಮೆಲ್ಲಗೆ ಹೇಳಿದೆ ಎಂದು ಅವರು ಅಂದುಕೊಂಡಿದ್ದರು. ಡ್ರೈವರು ಕನ್ನಡಿಯಲ್ಲಿ ನೋಡಿದ. ಮುಂದಿನ ಸೀಟಿನ ಹೆಂಗಸು ತಿರುಗಿದಳು. ಇಡೀ ಬಸ್ಸಿಗೆ ಗೊತ್ತಾಯಿತು.

"ಅಪ್ಪ, ಏನಂತೀಯಾ? ಮೆಲ್ಲಗೆ."

"ಈಗ ನೀನು ಏನಂದೆ ಅಂತಲೂ ನನಗೆ ಗೊತ್ತಿಲ್ಲ. ವರ್ಷಗಳಾಯ್ತು. ಇಷ್ಟು ದಿನ ನನಗೆ ಕಿವಿಯಾಗಿದ್ದೋಳು ಇವಳು. ನಿನ್ನ ತಂಗಿ ಫೋನು, ಬಾಗಿಲು, ಆ ಸ್ಕೂಟರು ಈ ಸ್ಕೂಟರು, ಎಲ್ಲಾ ಇವಳೇ ಕೇಳಿ ಹೇಳಿದ್ದು. ದಿನವೆಲ್ಲ ನಿಂತು ದುಡಿದು ಬಂದು, ಮತ್ತೆ ನಂಗೋಸ್ಕರ ನಿಂತಿದ್ಲು. ನಾನೇ ಬಾಯಿ ಬಿಡ್ಬೇಡ ಅಂದಿದ್ದೆ. ಇವಳನ್ನ ಏನೂ ಅನ್ಬೇಡ."

ಗಂಡ ಅಪ್ಪನನ್ನು ನೋಡಿದ, ಹೆಂಡತಿಯನ್ನು ನೋಡಿದ. ಅವನ ತಲೆಯಲ್ಲಿ ಮಿಕ್ಸಿ, ಫ್ಯಾನು, ಪಂಪು ಎಲ್ಲ ಒಂದೊಂದಾಗಿ ತಿರುಗಿ ನಿಂತಿರಬೇಕು. ಆಮೇಲೆ ಎಲ್ಲ ಗಂಡಸರ ಹಾಗೆ ಅವನೂ ಬೇಡವಾದದ್ದನ್ನೇ ಕೇಳಿದ.

"ಹಾಗಾದ್ರೆ ಇವತ್ತು? ಇವತ್ತು ಇವಳು ಏನು ಹೇಳಿದ್ಲು ನಿನಗೆ?"

ಮಾವ ಅವನ ತುಟಿ ನೋಡಿದರು. ಬಸ್ಸಿನ ಕುಲುಕಾಟದಲ್ಲಿ ಹಿಡಿಯಲಾಗಲಿಲ್ಲ. ಎಂದಿನ ಅಭ್ಯಾಸದಂತೆ ಸೊಸೆಯ ಕಡೆ ತಿರುಗಿ, ಏನಂತೆ ಎಂದು ಹುಬ್ಬು ಏರಿಸಿದರು.

ಯಾವ ಸೊಸೆಗೂ ಇಂಥ ಗತಿ ಬರಬಾರದು. ತನ್ನನ್ನೇ ಕಟಕಟೆಗೆ ಹತ್ತಿಸುವ ಪ್ರಶ್ನೆಯನ್ನು ತಾನೇ ಆಡಿ ತೋರಿಸಬೇಕು. ಬೇರೆ ಏನಾದರೂ ಅಂದುಬಿಡಬಹುದಿತ್ತು, ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಒಂದು ದಿನಕ್ಕೆ ಒಂದು ಸುಳ್ಳು ಸಾಕಾಗಿತ್ತು ಅವಳಿಗೆ. ತುಟಿ ಬಿಡಿಸಿ, ನಿಧಾನವಾಗಿ ಆಡಿದಳು: ಇವತ್ತು ನಾನು ಏನು ಹೇಳಿದೆ ಅಂತ ಕೇಳ್ತಿದ್ದಾರೆ.

ಮಾವನಿಗೆ ಅರ್ಥವಾಯಿತು. ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡರು.

"ಎರಡು ಸಲ ಒತ್ತಿದ್ಲು" ಎಂದು ಬಸ್ಸಿಗೆಲ್ಲ ಕೇಳುವ ಹಾಗೆ ಹೇಳಿದರು. "ಬೇಡ ಅಂತ. ಸರಿಯಾಗಿ ಎರಡು ಸಲ. ನನ್ನ ಕೈಗೂ ಬಡಿತ ಗೊತ್ತಾಯ್ತು, ಆದ್ರೆ ಮೊದಲು ಹೇಳಿದ್ದು ಇವಳು. ಇಂಥ ಕಿವಿ ಡಿಪೋದಲ್ಲೂ ಇರಲಿಲ್ಲ ಕಣೋ. ಒಂದು ಸಲ ಬೆಟ್ಟದ ರಸ್ತೇಲಿ ನಾನು..."

ಅಲ್ಲಿಂದ ಅವರು ತಮ್ಮ ಹಳೆಯ ಬಸ್ಸಿನ ಕತೆಗೆ ಹತ್ತಿದರು. ಪ್ರತಿ ತಿರುವಿನಲ್ಲೂ ಮತ್ತೆ ಸೊಸೆಯನ್ನು ಹೊಗಳಲು ಇಳಿಯುತ್ತಿದ್ದರು.

ಅವಳು ಗಂಡನ ಅಂಗಿಯ ತುದಿ ಎಳೆದಳು. ಅವನು ಬಗ್ಗಿದ.

"ಎರಡಲ್ಲ" ಅಂದಳು. "ಒಂದೇ ಸಲ ಒತ್ತಿದ್ದು ನಾನು. ಬಡಿತ ಚೆನ್ನಾಗಿ ಕೇಳಿಸ್ತು, ಆದ್ರೂ ಸರಿ ಇದೆ ಅಂತ ಒತ್ತಿದೆ."

ಗಂಡ ಅರ್ಥವಾಗದೆ ಅವಳ ಮುಖ ನೋಡಿದ. "ಯಾಕೆ?"

"ನಂಗೆ ಸುಸ್ತಾಗಿದೆ ರೀ" ಅಂದಳು. ಅದಕ್ಕಿಂತ ದೊಡ್ಡ ಕಾರಣ ಅವಳ ಹತ್ತಿರ ಇರಲಿಲ್ಲ. "ತುಂಬಾ ಸುಸ್ತಾಗಿದೆ."

ಅವರ ತಲೆಯ ಮೇಲೆ ಮಾವ ಹೇಳುತ್ತಲೇ ಇದ್ದರು. "ಎರಡು ಸಲ! ಇನ್ನೊಬ್ಬಳಾಗಿದ್ರೆ ಆಸೆಗೆ ಬಿದ್ದು ಹೂಂ ಅಂದುಬಿಡ್ತಿದ್ಲು. ಇವಳು ಹಾಗಲ್ಲ. ಅಲ್ವೇನೋ? ನೀನೇ ಹೇಳು, ಅಲ್ವಾ?"

ಗಂಡ ನೆಟ್ಟಗೆ ನಿಂತ. ಅಪ್ಪನನ್ನು ಕೇಳದೆ ಒಂದು ಸ್ಕ್ರೂ ತಿರುಗಿಸದ ಮನುಷ್ಯ, ಈಗ ಕೇಳಲು ಅಪ್ಪನಿಗೆ ಕಿವಿಯೇ ಇಲ್ಲ. ಆಮೇಲೆ ಕೈ ಚಾಚಿ ಅಪ್ಪನ ಮೊಣಕೈ ಹಿಡಿದ. ಹಿಡಿಯಲು ಬಾರದವನ ಹಾಗೆ, ಎಲ್ಲಿ ಹಿಡಿಯಬೇಕು, ಎಷ್ಟು ಬಿಗಿ ಎಂದು ತಿಳಿಯದೆ ಹಿಡಿದ. ಒಂದು ಸಲ ಒತ್ತಿದ.

ಮಾವ ಕತೆ ನಿಲ್ಲಿಸಿದರು. ತಮ್ಮ ಮೊಣಕೈ ನೋಡಿಕೊಂಡರು. ಅಲ್ಲಿ ಇದ್ದದ್ದು ಸೊಸೆಯ ಕೈ ಅಲ್ಲ.

"ಸಾಯಂಕಾಲ ತಂಗಿ ಫೋನ್ ಮಾಡಿದ್ರೆ ನಾನು ನೋಡ್ಕೋತೀನಿ" ಎಂದು ಗಂಡ ಅವಳಿಗೆ ಹೇಳಿದ. "ನೀನು ಮಲಗು. ಸರ್ಕಲ್ ಬಂದಾಗ ಎಬ್ಬಿಸ್ತೀನಿ."

ಅವಳು ಹೂಂ ಅಂದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಕಿಟಕಿಯ ಗಾಜಿಗೆ ತಲೆ ತಾಗಿಸಿದಾಗ ಬಸ್ಸಿನ ಇಂಜಿನ್ನು ಕಿವಿಯೊಳಗೇ ಕೂತ ಹಾಗೆ ಗುರುಗುಟ್ಟುತ್ತಿತ್ತು. ಅದು ಸರಿ ಇದೆಯೋ ಇಲ್ಲವೋ ಎಂದು ಅವಳು ಕೇಳಿಸಿಕೊಳ್ಳಲಿಲ್ಲ.